ಚಂದಮ್ಮ ನೋಡುವುದು ಕಾಲಿನ ಬೆರಳನ್ನು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಡಿಸೆಂಬರಿನ ಪುಣೆಯಲ್ಲಿ ನಲ್ಲಿಯ ನೀರು ಮುಟ್ಟಿದರೆ ಕೈ ಕಚ್ಚುತ್ತದೆ. ನದಿ ದಂಡೆಯ ಆಸ್ಪತ್ರೆಯೊಂದರ ಎರಡನೇ ಮಹಡಿಯಲ್ಲಿ, ಎಂಡೋಸ್ಕೋಪಿ ಕೋಣೆಯ ಹಿಂಬದಿಯ ತೊಟ್ಟಿಯ ಮುಂದೆ ಚಂದಮ್ಮ ನಿಂತಿದ್ದಾರೆ. ಸೀರೆಯ ಮೇಲೆ ನೀಲಿ ಕೋಟು, ಮೊಣಕೈವರೆಗೆ ರಬ್ಬರಿನ ಕೈಗವಸು. ಒಂದೂವರೆ ಮೀಟರ್ ಉದ್ದದ ಕಪ್ಪು ನಳಿಕೆಗೆ ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿ, ಎಲ್ಲಾದರೂ ಗುಳ್ಳೆ ಏಳುತ್ತದೆಯೇ ಎಂದು ಬಗ್ಗಿ ನೋಡುತ್ತಿದ್ದಾರೆ. ಮನುಷ್ಯರ ಹೊಟ್ಟೆಯೊಳಗೆ ಇಳಿಯುವ ಈ ನಳಿಕೆಗೆ ಸೂಜಿಮೊನೆಯಷ್ಟು ತೂತು ಬಿದ್ದಿದ್ದರೂ ಅದು ಇವತ್ತು ಕೆಲಸಕ್ಕೆ ಬರುವುದಿಲ್ಲ.

"ಮಾತಾಡಬ್ಯಾಡ್ರಿ ಸ್ವಲ್ಪ" ಎಂದು ನನಗೆ ಹೇಳುತ್ತಾರೆ. ನಾನು ಬಂದಿರುವುದೇ ಪತ್ರಿಕೆಗಾಗಿ ಅವರನ್ನು ಮಾತಾಡಿಸಲು. ಆದರೂ ಬಾಯಿ ಮುಚ್ಚಿಕೊಂಡು ನಿಲ್ಲುತ್ತೇನೆ. ಎರಡು ನಿಮಿಷ ಕಳೆದು ನಳಿಕೆ ನೀರಿನಿಂದ ಮೇಲೆ ಬರುತ್ತದೆ. ಗುಳ್ಳೆ ಇಲ್ಲ. ಆಗ ಅವರು ಮುಖ ನೋಡಿ ನಗುತ್ತಾರೆ.

ಈ ಆಸ್ಪತ್ರೆಯಲ್ಲಿ ಚಂದಮ್ಮ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಪುಣೆಯ ಆಸ್ಪತ್ರೆಗಳಲ್ಲಿ ಆಯಾಗಳೆಲ್ಲ ‘ಮಾವಶಿ’, ಅಂದರೆ ಚಿಕ್ಕಮ್ಮ. ಕಾವಲುಗಾರನಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರಿಗೂ ಇವರು ಮಾವಶಿ. ಹದಿನಾಲ್ಕು ವರ್ಷದಿಂದ ಇಲ್ಲಿದ್ದಾರೆ. ಸಂಬಳದ ಪಟ್ಟಿಯಲ್ಲಿ ಇಂದಿಗೂ ‘ಸಫಾಯಿ’ ಎಂದೇ ಇದೆ. ಆದರೆ ಕಿರಿದಾದ ಕರುಳನ್ನು ಬಲೂನಿನಿಂದ ಅಗಲ ಮಾಡುವಾಗ ಆ ಬಲೂನಿಗೆ ನೀರು ತುಂಬುವ ಪಂಪು ಇರುವುದು ಇವರ ಕೈಯಲ್ಲಿ. ಇದು ನನಗೆ ತಿಳಿದದ್ದು ಹೋದ ತಿಂಗಳು, ಅದೂ ಒಬ್ಬ ರೋಗಿಯ ಬಾಯಿಂದ.

ಇವತ್ತಿನ ಮೊದಲ ರೋಗಿ ಶಿವರುದ್ರಪ್ಪ. ಮೂವತ್ತೆಂಟು ವರ್ಷ, ನಲವತ್ಮೂರು ಕಿಲೋ. ಊರು ಗದಗ ಕಡೆ, ಕೆಲಸ ತಳೇಗಾಂವ ದಾಭಾಡೆಯ ಒಂದು ಕಾರ್ಖಾನೆಯಲ್ಲಿ ಗುಮಾಸ್ತಿಕೆ. ಹೆಂಡತಿ ರುದ್ರವ್ವ ಹೊರಗಿನ ಬೆಂಚಿನ ಮೇಲೆ ಗಂಜಿಯ ಥರ್ಮಾಸನ್ನು ಮಡಿಲಲ್ಲಿ ಅಪ್ಪಿಕೊಂಡು ಕೂತಿದ್ದಾರೆ. ಚಂದಮ್ಮ ಕೈ ಒರೆಸಿಕೊಂಡು ಬಂದು ಅವರ ಪಕ್ಕ ಕೂರುತ್ತಾರೆ.

"ನಿನ್ನೆ ಏಕಾದಶಿ ಇತ್ತು. ಸಾಬುದಾಣಿ ಕೊಟ್ರೇನ್ರಿ ಇವರಿಗೆ?"

"ಇಲ್ಲರಿ."

"ಶೇಂಗಾ? ಬಾಳೆಹಣ್ಣು? ರಾತ್ರಿ ಹಾಲು?"

"ಏನೂ ಕೊಟ್ಟಿಲ್ಲರಿ. ಬರೇ ಜುಲಾಬಿನ ನೀರು."

ಏನು ತಿಂದಿರಿ ಎಂದು ಒಟ್ಟಾರೆ ಕೇಳುವುದನ್ನು ಚಂದಮ್ಮ ಬಿಟ್ಟು ಬಹಳ ದಿನವಾಯಿತಂತೆ. ನಮ್ಮ ಮಂದಿಗೆ ಉಪವಾಸದ ದಿನ ತಿಂದದ್ದು ತಿಂದ ಲೆಕ್ಕಕ್ಕೇ ಬರುವುದಿಲ್ಲ. ಹಿಂದೊಮ್ಮೆ ಒಬ್ಬರು ಏನೂ ಉಂಡಿಲ್ಲ ಎಂದು ದೇವರಾಣೆ ಹಾಕಿ ಮಲಗಿದ್ದರು. ನಳಿಕೆ ಒಳಗೆ ಹೋದಾಗ ಪರದೆಯ ಮೇಲೆ ಇಡೀ ಶೇಂಗಾಕಾಳು ಕಂಡವು. ಅಂದಿನಿಂದ ಇವರು ಪದಾರ್ಥಗಳ ಹೆಸರು ಹಿಡಿದು ಒಂದೊಂದಾಗಿ ಕೇಳುತ್ತಾರೆ.

ಶಿವರುದ್ರಪ್ಪನವರದು ಕ್ರೋನ್ಸ್ ಎಂಬ ಕಾಯಿಲೆ. ಕರುಳಿನಲ್ಲಿ ಹುಣ್ಣಾಗುತ್ತದೆ, ಆರುತ್ತದೆ, ಮತ್ತೆ ಆಗುತ್ತದೆ. ಆರಿದ ಜಾಗ ಗಡುಸಾಗಿ ಕರುಳಿನ ದಾರಿ ಕಿರಿದಾಗುತ್ತ ಹೋಗುತ್ತದೆ. "ಚಂಚಿ ಬಾಯಿ ಲಾಡಿ ಎಳದಂಗ ಆಗತದ್ರಿ" ಎಂದು ಚಂದಮ್ಮ ಎಲೆಅಡಿಕೆ ಚೀಲದ ಲೆಕ್ಕದಲ್ಲಿ ವಿವರಿಸುತ್ತಾರೆ. ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ಹೇಳಿದ್ದಕ್ಕಿಂತ ನನಗೆ ಇದೇ ಚೆನ್ನಾಗಿ ತಲೆಗೆ ಹೋಯಿತು.

ಮೊದಲು ಇವರಿಗೆ ಕರುಳಿನ ಕ್ಷಯ ಎಂದು ಒಂಬತ್ತು ತಿಂಗಳು ಮಾತ್ರೆ ಕೊಟ್ಟರು. ಗುಣ ಕಾಣಲಿಲ್ಲ. ತೊಂಬತ್ತಾರರಲ್ಲಿ ಕರುಳಿನ ಒಂದು ತುಂಡು ಕತ್ತರಿಸಿ ಜೋಡಿಸಿದರು. ತೊಂಬತ್ತೊಂಬತ್ತರಲ್ಲಿ ಇನ್ನೊಂದು ತುಂಡು. ಈಗ ಆ ಜೋಡಿಸಿದ ಜಾಗವೇ ಬಿಗಿದುಕೊಂಡಿದೆ. ಮೂರನೇ ಸಲ ಕತ್ತರಿಸಿದರೆ ಉಳಿಯುವ ಕರುಳು ಉಂಡದ್ದನ್ನು ಮೈಗೆ ಹತ್ತಿಸುವಷ್ಟು ಇರಲಿಕ್ಕಿಲ್ಲ, ಆಮೇಲೆ ಜೀವಮಾನವಿಡೀ ಸಲೈನಿನ ಮೇಲೇ ಇರಬೇಕಾದೀತು ಎಂದು ಶಸ್ತ್ರವೈದ್ಯರು ಮೊದಲೇ ಹೇಳಿದ್ದಾರೆ. ಆದರೂ ಗುರುವಾರಕ್ಕೆ ದಿನ ಗೊತ್ತುಮಾಡಿ ಇಟ್ಟಿದ್ದಾರೆ. ಇವತ್ತು ಮಂಗಳವಾರ. ಬಲೂನು ಹಾಕಿ ಅಗಲ ಮಾಡಿದ ಮೇಲೆ ನಳಿಕೆ ಆ ಕಿರಿದು ಜಾಗ ದಾಟಿ ಆಚೆ ಹೋದರೆ ಗುರುವಾರದ ಕತ್ತರಿ ತಪ್ಪುತ್ತದೆ. ದಾಟದಿದ್ದರೆ ತಪ್ಪುವುದಿಲ್ಲ. ಅಗಲ ಮಾಡುವಾಗ ಕರುಳು ಹರಿದರೆ ಗುರುವಾರದವರೆಗೂ ಕಾಯುವಂತಿಲ್ಲ, ಈಗಿಂದೀಗ ಹೊಟ್ಟೆ ತೆರೆಯಬೇಕು.

"ನನ್ನ ಹೆಸರು ಹಾಕ್ರಿ ಪೇಪರದಾಗ. ನನ್ನಂಥಾವರಿಗೆ ತಿಳೀಲಿ" ಎನ್ನುತ್ತಾರೆ ಶಿವರುದ್ರಪ್ಪ. ನಗಲು ನೋಡುತ್ತಾರೆ, ತುಟಿ ಒಣಗಿದೆ. ಒಂದು ಖಡಕ್ ರೊಟ್ಟಿ, ಪುಂಡಿಪಲ್ಯ, ಮೇಲೆ ಹಸಿ ಉಳ್ಳಾಗಡ್ಡಿ ಉಂಡು ಏಳು ವರ್ಷವಾಯಿತು ಎಂಬುದು ಅವರ ದುಃಖ.

ಕೋಣೆ ಸಿದ್ಧವಾಗುವವರೆಗೆ ಚಂದಮ್ಮ ತಮ್ಮ ಕಥೆ ಹೇಳುತ್ತಾರೆ. ಇಂಡಿ ತಾಲೂಕಿನ ಹಳ್ಳಿಯವರು. ಮದುವೆಯಾಗಿ ಗಂಡ ಭೀಮಣ್ಣನ ಜೊತೆ ಎಂಬತ್ತೇಳರಲ್ಲಿ ಪುಣೆಗೆ ಬಂದರು. ಭೀಮಣ್ಣ ಸ್ವಾರಗೇಟಿನಲ್ಲಿ ಲಾರಿಗೆ ಮೂಟೆ ಹೇರುತ್ತಿದ್ದವರು ಬೆನ್ನು ಮುರಿದುಕೊಂಡು ಮನೆ ಹಿಡಿದರು. ಮನೆ ಯೆರವಡಾದ ಜೈಲಿನ ಹಿಂದೆ. ಬೆಳಗಿನ ಮೊದಲ ಬಸ್ಸು ತಪ್ಪಿದರೆ ಒಂದೇ ಸಮ ನಡೆದೇ ಬಂದದ್ದೂ ಉಂಟು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಬಸ್ಸಿನ ನೆತ್ತಿಯ ಮರಾಠಿ ಅಂಕಿ ನೋಡಿ ಒಂದು ಲೆಕ್ಕ ಕಲಿತರು, ಆಸ್ಪತ್ರೆಯ ಗೋಡೆ ಗಡಿಯಾರ ನೋಡಿ ಇಂಗ್ಲಿಷ್ ಅಂಕಿ ಕಲಿತರು. ಆ ಇಂಗ್ಲಿಷ್ ಅಂಕಿಯೇ ಮುಂದೆ ಪಂಪಿನ ಮುಳ್ಳು ಓದಲು ನೆರವಾಯಿತು.

ಪಂಪು ಕೈಗೆ ಬಂದದ್ದು ತೊಂಬತ್ತೈದರಲ್ಲಿ. ಇದ್ದೊಬ್ಬ ತಂತ್ರಜ್ಞ ದುಬೈಗೆ ಹೊರಟುಹೋದ. ನೆಲ ಒರೆಸುತ್ತಿದ್ದ ಚಂದಮ್ಮನನ್ನು ಕರೆದು, ಇದನ್ನು ತಿರುಗಿಸು, ಮುಳ್ಳು ಇಲ್ಲಿಗೆ ಬಂದರೆ ನಿಲ್ಲಿಸು ಎಂದರಂತೆ. ಇವರು ತಿರುಗಿಸಿದರು. ನಿಲ್ಲಿಸು ಎಂದ ಕಡೆ ನಿಲ್ಲಿಸಿದರು. ಅದೇ ನೌಕರಿ ಆಯಿತು. ಬಲೂನನ್ನು ಒಂದು ನಿಮಿಷ ಉಬ್ಬಿಸಿ ಹಿಡಿಯಬೇಕು, ಆ ಅರವತ್ತು ಸೆಕೆಂಡನ್ನು ಗಟ್ಟಿಯಾಗಿ ಎಣಿಸುವುದೂ ಇವರ ಪಾಲಿಗೇ ಬಂತು. ಮರಾಠಿಯಲ್ಲಿ ನಲವತ್ತು ದಾಟಿದರೆ ಇವರಿಗೆ ಇಂದಿಗೂ ತೊಡರುತ್ತದೆ. ಅದಕ್ಕೆ ಕನ್ನಡದಲ್ಲಿ ಎಣಿಸುತ್ತಾರೆ.

"ನನಗೆ ಕನ್ನಡ ಬರುವುದು ಅರವತ್ತರವರೆಗೆ ಮಾತ್ರ" ಎಂದು ಡಾ. ಬಾಳಕೃಷ್ಣ ಚಾಂದೋರಕರ್ ಮರಾಠಿಯಲ್ಲಿ ನಗೆಯಾಡುತ್ತಾರೆ. ಈಗ ಈ ಕೋಣೆಯ ಮುಖ್ಯ ವೈದ್ಯರು ಅವರೇ.

ದಿನಕ್ಕೆ ಹದಿನೈದು ಹದಿನಾರು ರೋಗಿಗಳು. ಪ್ರತಿಯೊಬ್ಬರ ನಂತರ ನಳಿಕೆಯನ್ನು ತಿಕ್ಕಿ, ತೊಳೆದು, ಕಣ್ಣುರಿಸುವ ಔಷಧದ ನೀರಿನಲ್ಲಿ ಅದ್ದಿಡಬೇಕು. ಚಂದಮ್ಮನ ಕಣ್ಣಂಚು ಸದಾ ಕೆಂಪು. ಬಲೂನು ಹಾಕುವುದು ವಾರಕ್ಕೆ ಎರಡು ಮೂರು ಸಲ, ಹೆಚ್ಚಿನವು ಅನ್ನನಾಳಕ್ಕೆ. ಕ್ರೋನ್ಸ್ ಕರುಳಿಗೆ ಹಾಕಿದ್ದು ಇಲ್ಲಿಯವರೆಗೆ ಮೂವತ್ತೊಂದು ಸಲ ಎಂದು ಡಾಕ್ಟರ ದಾಖಲೆ ಹೇಳುತ್ತದೆ. ಇವತ್ತಿನದು ಮೂವತ್ತೆರಡನೆಯದು. ಆ ಮೂವತ್ತೊಂದರಲ್ಲಿ ಒಂದನ್ನು ಮಾತ್ರ ಚಂದಮ್ಮ ದಾಖಲೆ ಇಲ್ಲದೆಯೂ ಮರೆತಿಲ್ಲ.

ಅದು ತೊಂಬತ್ತೆಂಟರ ಮಾತು. ರೋಗಿ ಲೀಲಾಕ್ಷಿ, ಕರಾವಳಿ ಕಡೆಯ ಹೋಟೆಲ್ ಮನೆತನದ ಹೆಣ್ಣುಮಗಳು. ಆಗಿದ್ದ ವೈದ್ಯರು ಬಹಳ ಹಿರಿಯರು, ಈಗ ನಿವೃತ್ತರು. ಅವರ ಹೆಸರು ಬೇಡ ಎಂದು ಚಂದಮ್ಮ ಕೈ ಮುಗಿದದ್ದರಿಂದ ಇಲ್ಲಿ ಬರೆದಿಲ್ಲ. ಬಲೂನು ಉಬ್ಬುತ್ತಿತ್ತು. ನೋವಾಗುತ್ತಿದೆಯೇ ಎಂದು ವೈದ್ಯರು ಕೇಳಿದರು. ಇಲ್ಲ ಎಂದು ಲೀಲಾಕ್ಷಿ ತಲೆಯಾಡಿಸಿದರು. ಇನ್ನಷ್ಟು ಎಂದರು ವೈದ್ಯರು.

"ನನ್ನ ಕೈಯಾಗ ಪಂಪಿತ್ರಿ. ಆಕಿ ಕಾಲು ನನ್ನ ಕಣ್ಣ ಮುಂದ. ಹತ್ತೂ ಬೆರಳು ಹಿಂಗ ಒಳಗ ಮಡಚಿಕೊಂಡ್ವು. ನಾ ನೋಡಿದೆ. ಬಾಯಿ ಬಿಡಲಿಲ್ಲ. ಅಷ್ಟು ದೊಡ್ಡ ಸಾಹೇಬ್ರು, ನಾ ನೆಲ ಒರಸೂಕಿ. ಸಾಕ್ರಿ ಅಂತ ಹೆಂಗ ಅನ್ನಲಿ? ತಿರುವಿದೆ."

ಕರುಳು ಹರಿಯಿತು. ಅದೇ ಮಧ್ಯಾಹ್ನ ಲೀಲಾಕ್ಷಿಯವರ ಹೊಟ್ಟೆ ತೆರೆದರು. ಜೀವ ಉಳಿಯಿತು, ಆದರೆ ಏಳು ತಿಂಗಳು ಹೊಟ್ಟೆಯ ಮೇಲೆ ಮಲ ಸೇರುವ ಚೀಲ ಕಟ್ಟಿಕೊಂಡು ಬದುಕಬೇಕಾಯಿತು. ಯಾರೂ ಚಂದಮ್ಮನನ್ನು ಒಂದು ಮಾತು ಕೇಳಲಿಲ್ಲ. ಇಂಥದ್ದು ನೂರರಲ್ಲಿ ಮೂರು ನಾಲ್ಕು ಆಗಿಯೇ ಆಗುತ್ತದೆ ಎಂದರು. ಅದು ಸುಳ್ಳೂ ಅಲ್ಲ. ಚಂದಮ್ಮ ಮಾತ್ರ ಮೂರನೇ ದಿನ ವಾರ್ಡಿಗೆ ಹೋಗಿ ಮಂಚದ ಪಕ್ಕ ನೆಲದ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿಬಿಟ್ಟರು. ಆಕೆ ಬೈಯಲಿಲ್ಲ. "ನನಗೆ ಜೀವ ಹೋಗುವಷ್ಟು ನೋವಿತ್ತು ಮಾರಾಯ್ರೆ. ಅಷ್ಟು ದೊಡ್ಡ ಡಾಕ್ಟ್ರು ಕೇಳುವಾಗ ಉಂಟು ಅಂತ ಹೇಳ್ಲಿಕ್ಕೆ ನನಗೇ ಧೈರ್ಯ ಬರ್ಲಿಲ್ಲ. ಇನ್ನು ನಿಮಗೆಲ್ಲಿಂದ ಬರ್ಬೇಕು" ಎಂದರಂತೆ.

ಈ ಮಾತು ಕೇಳಿ ನನಗೆ ನಾಚಿಕೆಯಾಯಿತು. ಡಾಕ್ಟರು ಹೇಗಿದ್ದೀರಿ ಎಂದ ಕೂಡಲೇ ಆರಾಮಾಗಿದ್ದೀನಿ ಎನ್ನುವ ಜಾತಿಯವನೇ ನಾನೂ. ಹಲ್ಲುನೋವೆಂದು ಹೋಗಿ ನೋವಿಲ್ಲ ಎಂದು ಹೇಳಿ ಬಂದಿದ್ದೇನೆ. ನಮಗೆ ಇದನ್ನು ಮರ್ಯಾದೆ ಎಂದು ಕಲಿಸಿದ್ದಾರೆ.

ಚಾಂದೋರಕರ್ ಬಂದ ಮೊದಲ ವಾರವೇ ಚಂದಮ್ಮ ಅವರೆದುರು ಈ ಕಥೆ ಹೇಳಿ, ಪಂಪು ಬೇಡ, ಪೊರಕೆಯೇ ಇರಲಿ ಎಂದರು. ಅವರು, ಪಂಪು ನೀವೇ ಹಿಡಿಯಬೇಕು, ನೀವು ಸಾಕು ಎಂದರೆ ಅಲ್ಲಿಗೆ ಸಾಕು ಎಂದರಂತೆ. ಅಂದಿನಿಂದ ಈ ಕೋಣೆಯಲ್ಲಿ ರೋಗಿಯ ಪಾದಕ್ಕೆ ಹೊದಿಕೆ ಇಲ್ಲ. ನರ್ಸುಗಳು ಚಳಿ ಎಂದು ಮುಚ್ಚುತ್ತಾರೆ, ಚಂದಮ್ಮ ಸರಿಸುತ್ತಾರೆ. ದಿನಾ ಇದೊಂದು ಜಗಳ.

ಏಳೂವರೆ. ಶಿವರುದ್ರಪ್ಪನವರನ್ನು ಎಡಮಗ್ಗುಲಾಗಿ ಮಲಗಿಸಿ ಸೂಜಿ ಹಾಕಿದ್ದಾರೆ. ಅರೆಮಂಪರು, ಆದರೆ ಕರೆದರೆ ಓಗೊಡುತ್ತಾರೆ. ಅವರ ಒಪ್ಪಿಗೆ ಪಡೆದು ನಾನು ಮೂಲೆಯಲ್ಲಿ ನಿಂತಿದ್ದೇನೆ. ಪರದೆಯ ಮೇಲೆ ಗುಲಾಬಿ ಬಣ್ಣದ ಸುರಂಗ ಸಾಗುತ್ತ ಬಂದು ಒಂದು ಕಡೆ ಮುಚ್ಚಿಹೋಗುತ್ತದೆ. ನಡುವೆ ಪೆನ್ಸಿಲ್ಲಿನಷ್ಟು ತೂತು. ಆ ತೂತಿನೊಳಗೆ ಬಲೂನು ತೂರುತ್ತದೆ.

"ಮೂರು" ಎನ್ನುತ್ತಾರೆ ಚಂದಮ್ಮ. ಮುಳ್ಳು ಮೂರಕ್ಕೆ ಬಂದರೆ ಬಲೂನು ಹನ್ನೆರಡು ಮಿಲಿಮೀಟರ್. ಒಂದ, ಎರಡ, ಮೂರ ಎಂದು ಎಣಿಕೆ ಶುರುವಾಗುತ್ತದೆ. ಬಲಗೈ ಪಂಪಿನ ಮೇಲೆ, ಎಡಗೈ ರೋಗಿಯ ಹಿಮ್ಮಡಿಯ ಮೇಲೆ. ಅವರು ಪರದೆಯ ಕಡೆ ಒಮ್ಮೆಯೂ ನೋಡುವುದಿಲ್ಲ. ಅರವತ್ತು ಮುಗಿಯುವಷ್ಟರಲ್ಲಿ ನನ್ನ ತಲೆ ತಿರುಗುತ್ತಿದೆ.

"ಕೂಡ್ರಿ ಸ್ಟೂಲ್ ಮ್ಯಾಲ" ಎನ್ನುತ್ತಾರೆ, ಕತ್ತು ತಿರುಗಿಸದೆ.

"ಏನಿಲ್ಲ, ಆರಾಮಿದೀನಿ."

"ನಿಮ್ಮ ಚಪ್ಪಲಿಯಾಗಿನ ಬೆರಳು ನೋಡಿದೆ. ಕೂಡ್ರಿ."

ಕೂರುತ್ತೇನೆ. ಮುಳ್ಳು ನಾಲ್ಕೂವರೆಗೆ ಬರುತ್ತದೆ. ಇನ್ನೊಂದು ಅರವತ್ತು. ಹದಿಮೂರೂವರೆ ಮಿಲಿಮೀಟರ್. ನಳಿಕೆಯ ದಪ್ಪವೇ ಹದಿಮೂರರ ಹತ್ತಿರ, ದಾಟಲು ಅಷ್ಟು ಸಾಲದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಎಂಟಕ್ಕೆ ಒಯ್ದರೆ ಹದಿನೈದಾಗುತ್ತದೆ, ಆಗ ಸಲೀಸು.

"ದುಖತಂಯ ಕಾ?" ನೋಯುತ್ತಿದೆಯೇ ಎಂದು ಚಾಂದೋರಕರ್ ಕೇಳುತ್ತಾರೆ.

"ನಾಹೀ ಸಾಹೇಬ" ಎನ್ನುತ್ತಾರೆ ಶಿವರುದ್ರಪ್ಪ. ಇಲ್ಲ. ದನಿ ಸ್ಪಷ್ಟವಾಗಿದೆ.

ಚಂದಮ್ಮ ತಿರುಗಿಸುತ್ತಾರೆ. ಐದು. ಐದೂವರೆ. ಆರು. ಅವರ ಕೈ ನಿಲ್ಲುತ್ತದೆ.

"ಸಾಕ್ರಿ ಸಾಹೇಬ್ರ."

ಡಾಕ್ಟರು ಪರದೆ ನೋಡುತ್ತಲೇ "ಆಣಖೀ ಥೋಡಂ, ಮಾವಶಿ" ಎನ್ನುತ್ತಾರೆ. ಇನ್ನೊಂದು ಚೂರು. ಶಿವರುದ್ರಪ್ಪನವರು ಮಂಪರಿನಲ್ಲೇ "ಮಾಡ್ರಿ, ಏನಾಗಿಲ್ಲ, ಮಾಡ್ರಿ" ಎನ್ನುತ್ತಾರೆ. ಗುರುವಾರ ತಪ್ಪಬೇಕೆಂದು ಅವರು ಹಲ್ಲು ಕಚ್ಚಿರುವುದು ನನ್ನಂಥವನಿಗೂ ತಿಳಿಯುತ್ತದೆ. ನಾನು ಅವರ ಕಾಲು ನೋಡುತ್ತೇನೆ. ಹೆಬ್ಬೆರಳು ಅಂಗಾಲಿನ ಕಡೆ ಬಾಗಿ ಹಾಗೆಯೇ ನಿಂತುಬಿಟ್ಟಿದೆ, ಉಗುರು ಬಿಳಿಚಿದೆ.

"ಇಲ್ಲರಿ. ಸಾಕು" ಎನ್ನುತ್ತಾರೆ ಚಂದಮ್ಮ. ಮಾತು ಮೆತ್ತಗಿದೆ. ಪಂಪಿನ ಮೇಲಿನ ಕೈ ಮಾತ್ರ ಅಲುಗುವುದಿಲ್ಲ.

ಡಾಕ್ಟರ ಮುಖ ಬಿಗಿಯುತ್ತದೆ. ಒಂದು ಕ್ಷಣ ಅವರು ಕೊಟ್ಟ ಮಾತು ಮರೆಯುತ್ತಾರೇನೋ ಎಂದು ನನಗೆ ಭಯವಾಗುತ್ತದೆ. ಆಮೇಲೆ, ಇಳಿಸಿ ಎನ್ನುತ್ತಾರೆ. ಬಲೂನು ಕುಗ್ಗುತ್ತದೆ. ಅದು ಸರಿದ ಜಾಗದಲ್ಲಿ ಪರದೆಯ ತುಂಬ ಕೆಂಪು. ನೀರು ಹಾಯಿಸಿ ತೊಳೆದಾಗ ಒಂದು ಬದಿಯಲ್ಲಿ ಉದ್ದನೆಯ ಸೀಳು ಕಾಣುತ್ತದೆ. ಡಾಕ್ಟರು ಅದನ್ನೇ ಬಹಳ ಹೊತ್ತು ನೋಡುತ್ತಾರೆ. ಸೀಳು ಆಳವಾಗಿದೆ, ಆದರೆ ಕರುಳಿನ ಗೋಡೆ ದಾಟಿ ಹೋದಂತಿಲ್ಲ. ಇನ್ನು ಎರಡು ಅಂಕಿ ಮುಳ್ಳು ಏರಿದ್ದರೆ ಏನಾಗುತ್ತಿತ್ತು ಎಂದು ಯಾರೂ ಹೇಳುವುದಿಲ್ಲ.

ಈಗ ನಳಿಕೆ ದಾಟಬೇಕು. ಡಾಕ್ಟರು ಉಸಿರು ಹಿಡಿದು ತಳ್ಳುತ್ತಾರೆ. ತಡೆಯುತ್ತದೆ. ಹಿಂದೆ ಸರಿದು, ಸೀಳಿಲ್ಲದ ಬದಿಗೆ ವಾಲಿಸಿ ಮತ್ತೆ ಮುಂದೊತ್ತುತ್ತಾರೆ. ಎರಡು ಸಲ ಆಗುವುದಿಲ್ಲ. ಚಂದಮ್ಮ ಈಗಲೂ ಬೆರಳನ್ನೇ ನೋಡುತ್ತಿದ್ದಾರೆ, ತುಟಿ ಮಾತ್ರ ಏನೋ ಮಣಮಣ ಎನ್ನುತ್ತಿದೆ. ಮೂರನೇ ಸಲ ಪರದೆ ಒಮ್ಮೆ ಮಸುಕಾಗಿ ತಿಳಿಯಾಗುತ್ತದೆ. ಆಚೆ ಬದಿಯ ಅಗಲವಾದ ಕರುಳು. ನಳಿಕೆ ದಾಟಿದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಹನ್ನೊಂದರ ಬಸ್ಸು ಹಿಡಿಯುತ್ತಿದ್ದೆ. ಸೀಳು ಆಳವಾಗಿರುವುದರಿಂದ ಆರು ಗಂಟೆ ಕಾಯಬೇಕು ಎನ್ನುತ್ತಾರೆ ಡಾಕ್ಟರು. ಎಲ್ಲಾದರೂ ಕಣ್ಣಿಗೆ ಕಾಣದ ತೂತು ಇದ್ದರೆ ಅದು ನೋವಾಗಿ ಮೇಲೆ ಬರುವುದು ಈ ಹೊತ್ತಿನಲ್ಲೇ. ನೋವು ಬಂದ ಕೂಡಲೇ ಹೇಳಿದರೆ ಸರಿ, ಮುಚ್ಚಿಟ್ಟರೆ ಜೀವಕ್ಕೆ ಕುತ್ತು. ಮುಚ್ಚಿಡುವುದರಲ್ಲಿ ಶಿವರುದ್ರಪ್ಪನವರು ನಿಷ್ಣಾತರು ಎಂಬುದನ್ನು ಬೆಳಗ್ಗೆಯೇ ನೋಡಿದ್ದೇವೆ.

ಒಂಬತ್ತಕ್ಕೆ ನರ್ಸು ಕೇಳುತ್ತಾರೆ. ಆರಾಮ. ಹತ್ತಕ್ಕೆ ಕೇಳುತ್ತಾರೆ. ಆರಾಮ. ಹನ್ನೆರಡಕ್ಕೆ ಚಂದಮ್ಮ ಹತ್ತನೇ ನಳಿಕೆ ತೊಳೆದಿಟ್ಟು ಬರುತ್ತಾರೆ. ಶಿವರುದ್ರಪ್ಪನವರಿಗೆ ಪೂರ್ತಿ ಎಚ್ಚರವಾಗಿದೆ, ಸ್ವಲ್ಪ ಸಿಟ್ಟೂ ಇದೆ.

"ಮಾವಶಿ, ನಾ ಅಂದೆನಲ್ಲ ನೋವಿಲ್ಲಂತ. ಯಾಕ ನಿಲ್ಲಿಸಿದ್ರಿ? ಪೂರ್ತಿ ಅಗಲ ಆಗಿದ್ರ ಮತ್ತ ಬರೂದು ತಪ್ಪತಿತ್ತು. ಈಗ ಎರಡು ತಿಂಗಳಿಗೆ ಮತ್ತ ಬಾ ಅಂತಾರ."

ಚಂದಮ್ಮ ಮಂಚದ ಕಾಲ ಕಡೆ ಕೂತು ಲೀಲಾಕ್ಷಿಯ ಕಥೆ ಹೇಳುತ್ತಾರೆ. ಉದ್ದ ಮಾಡುವುದಿಲ್ಲ. ಚೀಲದ ಮಾತು ಬಂದಾಗ ರುದ್ರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. "ಆಕಿ ಹೇಳಲಿಲ್ಲ, ನಾನೂ ಹೇಳಲಿಲ್ಲ. ಇಬ್ಬರೂ ಸಾಹೇಬ್ರಿಗೆ ಮರ್ಯಾದಿ ಕೊಟ್ವಿ" ಎಂದು ಮುಗಿಸಿ ಎದ್ದು ಹೋಗುತ್ತಾರೆ. ಶಿವರುದ್ರಪ್ಪನವರು ಗೋಡೆಯ ಕಡೆ ಮುಖ ತಿರುಗಿಸುತ್ತಾರೆ.

ಒಂದೂವರೆಗೆ ಚಾಂದೋರಕರ್ ಬರುತ್ತಾರೆ, ಹಿಂದೆ ಚಂದಮ್ಮ. ಹೊಟ್ಟೆಯ ಮೇಲೆ ಕೈಯಿಟ್ಟು ಅದೇ ಪ್ರಶ್ನೆ. "ದುಖತಂಯ ಕಾ?"

ಶಿವರುದ್ರಪ್ಪನವರು ಡಾಕ್ಟರನ್ನು ನೋಡುತ್ತಾರೆ. ನಾಲಿಗೆಯ ತುದಿಗೆ ಇಲ್ಲ ಎಂಬ ಮಾತು ಬಂದು ನಿಂತದ್ದು ನನಗೆ ಕಾಣುತ್ತದೆ. ಆಮೇಲೆ ಕಾಲ ಬಳಿ ನಿಂತ ಚಂದಮ್ಮನನ್ನು ನೋಡುತ್ತಾರೆ.

"ಹೋಯ್ ಸಾಹೇಬ" ಎನ್ನುತ್ತಾರೆ. ಹೌದು. "ಬಲಕ್ಕ, ಕೆಳಗ. ಹನ್ನೊಂದರಿಂದ ಅದರಿ. ಹೇಳಲಿಲ್ಲ."

ಕೂಡಲೇ ಎಕ್ಸ್‌ರೇಗೆ ಒಯ್ಯುತ್ತಾರೆ. ಹೊಟ್ಟೆಯೊಳಗೆ ಗಾಳಿ ಸೋರಿದ್ದರೆ ಅದರಲ್ಲಿ ಕಾಣುತ್ತದೆ. ರುದ್ರವ್ವ ಥರ್ಮಾಸಿನ ಮುಚ್ಚಳ ಬಿಚ್ಚುತ್ತಾರೆ, ಹಾಕುತ್ತಾರೆ. ಚಂದಮ್ಮನಿಗಾಗಿ ಒಳಗೆ ಇನ್ನೊಬ್ಬ ರೋಗಿ ಕಾದಿದ್ದಾರೆ, ಕಾಲು ಮಾತ್ರ ಅಲ್ಲಿಂದ ಕೀಳುತ್ತಿಲ್ಲ. ಈ ಕಾಯುವಿಕೆಯ ನಡುವೆ, ಏನಾದರೂ ಮಾತಾಡಬೇಕಲ್ಲ ಎಂದು, ನಿಮಗೇನು ಆಸೆ ಎಂದು ಚಂದಮ್ಮನನ್ನು ಕೇಳುತ್ತೇನೆ. ಸಂಬಳ, ಹುದ್ದೆ ಎನ್ನುತ್ತಾರೆ ಎಂದುಕೊಂಡಿದ್ದೆ.

"ಮಂಚದ ಕಾಲ ಕಡೆ ಒಂದು ಸಣ್ಣ ಹೀಟರ್ ಇಟ್ರ ಭಾಳ ಛಲೋ ಆಗತದ್ರಿ. ಮಂದಿಗೆ ಪಾಪ ಕಾಲು ಥಂಡಿ ಹತ್ತತಾವು. ನಾ ಮುಚ್ಚಗೊಡೂದಿಲ್ಲಲ್ಲ."

ಚಿತ್ರ ಬರಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಮೇಲೆ ಕೆಳಗೆ ನೋಡುತ್ತಾರೆ. ಗಾಳಿ ಇಲ್ಲ. ಸೀಳಿದ ಜಾಗದ ನೋವು ಅಷ್ಟೇ, ಇಂದು ರಾತ್ರಿ ಇಲ್ಲೇ ಇರಲಿ, ಸಂಜೆಗೆ ನೀರು, ನಾಳೆಗೆ ಗಂಜಿ ಎನ್ನುತ್ತಾರೆ. ಚೀಟಿಯ ಮೇಲಿದ್ದ ಗುರುವಾರದ ಮೇಲೆ ಗೆರೆ ಎಳೆಯುತ್ತಾರೆ. ಹೋಗುವಾಗ ಬಾಗಿಲಲ್ಲಿ ನಿಂತು, ಬೆಳಗ್ಗೆ ನನಗೆ ಸಿಟ್ಟು ಬಂದಿತ್ತು ಮಾವಶಿ ಎಂದು ಮರಾಠಿಯಲ್ಲಿ ಹೇಳುತ್ತಾರೆ. ಗೊತ್ತದರಿ ಎಂದು ಇವರು ಕನ್ನಡದಲ್ಲಿ ಹೇಳುತ್ತಾರೆ.

ರುದ್ರವ್ವ ಅಳುತ್ತಿದ್ದಾರೆ. ಶಿವರುದ್ರಪ್ಪನವರು ಏನು ಹೇಳಬೇಕೋ ತಿಳಿಯದೆ, ಹೊಟ್ಟೆ ಇನ್ನೂ ನೋಯುತ್ತಿದೆ ಎಂದು ಮತ್ತೊಮ್ಮೆ ಹೇಳುತ್ತಾರೆ, ಆ ಮಾತಿನ ರುಚಿ ನೋಡಿದವರ ಹಾಗೆ. ಚಂದಮ್ಮ ಮಂಚದ ತುದಿಯಲ್ಲಿ ಮಡಚಿಟ್ಟಿದ್ದ ಕಂಬಳಿಯನ್ನು ಬಿಡಿಸಿ, ಬೆಳಗಿನಿಂದ ಬರಿದಾಗಿದ್ದ ಆ ಎರಡು ಪಾದಗಳನ್ನು ಸುತ್ತ ಸಿಕ್ಕಿಸಿ ಮುಚ್ಚುತ್ತಾರೆ.

"ಇನ್ನ ಬೆಚ್ಚಗ ಮಲಗ್ರಿ" ಎನ್ನುತ್ತಾರೆ. "ನಿಮ್ಮ ಬಾಯೇ ಹೇಳಾಕ ಹತ್ತೇತಲ್ಲ. ಇನ್ನ ನಾ ಬೆರಳು ನೋಡೂ ಕೆಲಸ ಇಲ್ಲ."